ಡಿಲೀಟ್ ಮಾಡಿದರೂ ಡಿಸ್ಕ್ ಖಾಲಿಯಾಗಲ್ಲ, ಯಾಕೆ?

ಮೆಕ್ಕೆಜೋಳದ ಸೀಸನ್ನು. ಎಪಿಎಂಸಿಯ ದಲಾಲಿ ಅಂಗಡಿಯಿಂದ ಫೋನ್ ಬಂತು: "ಬಿಲ್ ಬರ್ತಿಲ್ಲ ಸಾರ್, ಸ್ಕ್ರೀನ್ ನಿಂತಲ್ಲೇ ನಿಂತೈತೆ." ಅವರ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ವಿಂಡೋಸ್ 7 ಬಿಟ್ಟರೆ ಬೇರೇನೂ ಒಗ್ಗಲ್ಲ. ದಾವಣಗೆರೆ ಪಿ.ಜೆ. ಬಡಾವಣೆಯ ನನ್ನ ಆಫೀಸಿನಲ್ಲಿರೋ ಉಬುಂಟು (ಒಂದು ಬಗೆಯ ಲಿನಕ್ಸ್) ಮಷೀನಿನ ಮೇಲೆ ಕೆವಿಎಂನಲ್ಲಿ, ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನ ಓಡಿಸೋ ವ್ಯವಸ್ಥೆಯಲ್ಲಿ, ಅದನ್ನ ಕೂರಿಸಿದ್ದೆ. ನೋಡಿದರೆ ಆ ಒಳಗಿನ ಕಂಪ್ಯೂಟರ್, ಅಂದರೆ ವರ್ಚುವಲ್ ಮಷೀನ್, 'ಪಾಸ್ಡ್' (ತಡೆದು ನಿಲ್ಲಿಸಿದ ಸ್ಥಿತಿ). ಹೊರಗಿನ ಉಬುಂಟು ಮಷೀನಿನ ಡಿಸ್ಕ್ ತುಂಬಿದಾಗ ಕೆವಿಎಂ ಹಿಂಗೇ ನಿಲ್ಲಿಸಿಬಿಡುತ್ತೆ. ಗಾಬರಿಯಾಗಿ ಫೋರ್ಸ್ ಆಫ್ ಮಾಡಬೇಡಿ. ಜಾಗ ಮಾಡಿ ರೆಸ್ಯೂಮ್ ಕೊಟ್ಟರೆ ಬಿಟ್ಟಲ್ಲಿಂದಲೇ ಹೊರಡುತ್ತೆ.

ಅದರದ್ದು 480 ಜಿಬಿ ಎಸ್‌ಎಸ್‌ಡಿ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ 447. ಡಿಸ್ಕಿನಲ್ಲಿ ಫೈಲ್ ಜೋಡಿಸೋ ಇಎಕ್ಸ್‌ಟಿ4 ಫೈಲ್ ಸಿಸ್ಟಂ ರೂಟ್‌ಗೆಂದು (ಅಡ್ಮಿನ್ ಯೂಸರ್) ನೂರಕ್ಕೆ 5ರಷ್ಟು ಎತ್ತಿಡುತ್ತೆ. ಅದು ಕಳುವಲ್ಲ, ಬಿಡಿ.

ಡಿಸ್ಕಿನ ಒಟ್ಟು ಲೆಕ್ಕ ಹೇಳೋ ಡಿಎಫ್ ಕಮಾಂಡ್ ಬಳಕೆ 418 ಅಂತು, ಖಾಲಿ ಸೊನ್ನೆ. ಫೈಲುಗಳನ್ನ ಒಂದೊಂದಾಗಿ ಕೂಡಿಸೋ ಡಿಯು ಓಡಿಸಿದರೆ ಬರೀ 60! ಸುಡೋ (ಅಡ್ಮಿನ್ ಅಧಿಕಾರ) ಹಾಕಿರಲಿಲ್ಲ, ವರ್ಚುವಲ್ ಮಷೀನ್‌ಗಳ ಡಿಸ್ಕ್ ಫೈಲು, ಅಂದರೆ ಇಮೇಜುಗಳಿರೋ ಲಿಬ್‌ವರ್ಟ್‌ನ ಇಮೇಜಸ್ ಫೋಲ್ಡರ್ ಮಾಮೂಲಿ ಯೂಸರ್‌ಗೆ ಕಾಣಲ್ಲ. ಸುಡೋ ಹಾಕಿದ ಮೇಲೆ 388. ಇನ್ನು 30 ಎಲ್ಲಿ?

ಹಿಂದಿನ ವಾರ ಒಂದು ಟೆಸ್ಟ್ ವರ್ಚುವಲ್ ಮಷೀನಿನ ಇಮೇಜ್ ಫೈಲನ್ನ ಆರ್‌ಎಂ (ಅಳಿಸೋ ಕಮಾಂಡ್) ಮಾಡಿದ್ದೆ. ಮಷೀನ್ ಓಡ್ತಾನೇ ಇತ್ತು. ಹೆಸರು ಅಳಿಸಿದರೂ, ಫೈಲ್ ತೆರೆದುಕೊಂಡ ಪ್ರೋಗ್ರಾಂ ಬಿಡೋವರೆಗೂ ಲಿನಕ್ಸ್ ಜಾಗ ಬಿಡಲ್ಲ. ಸುಡೋ ಜೊತೆ ಎಲ್‌ಎಸ್‌ಒಎಫ್ (ಯಾವ ಫೈಲನ್ನ ಯಾರು ಹಿಡಿದಿದ್ದಾರೆ ಅಂತ ತೋರಿಸೋ ಕಮಾಂಡ್) ಬರೆದು ಪ್ಲಸ್, ದೊಡ್ಡ ಎಲ್, 1 ಒಟ್ಟಿಗೆ ಕೊಡಿ, ಇಂಥವೆಲ್ಲ ಸಿಗ್ತವೆ. ಟೆಸ್ಟ್ ಮಷೀನ್ ಶಟ್‌ಡೌನ್ ಮಾಡಿದೆ, 30 ಜಿಬಿ ವಾಪಸ್, ಅಂಗಡಿಯಲ್ಲಿ ಬಿಲ್ ಶುರು. (ಬೇಕಾದ ಇಮೇಜನ್ನೇ ಹಿಂಗೆ ಅಳಿಸಿದ್ದರೆ ಮಾತ್ರ ಮಷೀನ್ ಆಫ್ ಮಾಡಬೇಡಿ. ಆಫ್ ಆಗೋವರೆಗೂ ಫೈಲ್ ಬದುಕಿರುತ್ತೆ, ಓಡ್ತಿರೋ ಪ್ರೋಗ್ರಾಂಗಳ ವಿವರ ಇರೋ ಪ್ರಾಕ್ ಫೋಲ್ಡರಿನಿಂದ ಕಾಪಿ ಎತ್ತಬಹುದು.)

ದೊಡ್ಡ ತಿಮಿಂಗಿಲ ಬಿಲ್ಲಿಂಗ್ ಮಷೀನೇ. ವಿಂಡೋಸ್ ಒಳಗೆ ಬಳಕೆ 38 ಜಿಬಿ. ಡಿಸ್ಕ್ ಅಳತೆ 100. ಹೊರಗೆ ಅದರ ಇಮೇಜ್, ಅಂದರೆ ಕ್ಯೂಕೌ2 ಫೈಲ್, 131! ಇಮೇಜ್ ನೋಡಿಕೊಳ್ಳೋ ಕ್ಯೂಇಎಂಯು-ಇಮೇಜ್ ಕಮಾಂಡಿಗೆ ಇನ್ಫೋ ಕೇಳಿದರೆ ಒಳಗೆ ನಾನೇ ತೆಗೆದಿಟ್ಟು ಮರೆತ ಎರಡು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡಿಸ್ಕಿನ ಸ್ಥಿತಿ). ಜೊತೆಗೆ ವಿಂಡೋಸ್‌ನಲ್ಲಿ ಅಳಿಸಿದ ಬ್ಯಾಕಪ್‌ಗಳ ಜಾಗವೂ ಹೊರಗೆ ಹಂಗೇ ಉಳಿದಿತ್ತು. ಗೋದಾಮಿಂದ ಚೀಲ ಎತ್ತಿದರೂ ಬಾಡಿಗೆ ಕಟ್ಟುತ್ತಲೇ ಇದ್ದಂಗೆ.

ಮೊದಲು ಬೇಡದ ಸ್ನ್ಯಾಪ್‌ಶಾಟ್ ಅಳಿಸಿ, ಅದೂ ಲಿಬ್‌ವರ್ಟ್‌ನ ಕಮಾಂಡ್ ವರ್ಶ್ ಮೂಲಕವೇ. ಆಮೇಲೆ ವಿಂಡೋಸ್ ಒಳಗೆ ಎಸ್‌ಡಿಲೀಟ್ ಅನ್ನೋ ಟೂಲಿಗೆ ಮೈನಸ್ ಜೆಡ್ ಕೊಟ್ಟು ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿ. ಸ್ನ್ಯಾಪ್‌ಶಾಟ್ ಇಟ್ಟುಕೊಂಡೇ ತುಂಬಿದರೆ ಫೈಲ್ ಇನ್ನೂ ಉಬ್ಬುತ್ತೆ. ಮಷೀನ್ ಆಫ್ ಮಾಡಿ, ಕ್ಯೂಇಎಂಯು-ಇಮೇಜ್ ಕನ್ವರ್ಟ್‌ನಿಂದ ಹೊಸ ಫೈಲನ್ನ ಬೇರೆ ಡಿಸ್ಕಿಗೆ ಬರೆಸಿ. ನನಗೆ 41 ಜಿಬಿಗೆ ಇಳೀತು.

ಹಳೇದನ್ನ ಅವತ್ತೇ ಅಳಿಸಲಿಲ್ಲ. ಎರಡು ದಿನ ಹೊಸದರಲ್ಲೇ ಯುಎಸ್‌ಬಿ ಡಿಸ್ಕಿಂದ ಬಿಲ್ ಹೊಡೆಸಿದೆ. ನಿಧಾನ ಅಂತ ಯಜಮಾನ್ರು ಗೊಣಗಿದರು, ನಡೀತು. ಆಮೇಲೆ ಎಲ್‌ಎಸ್‌ಒಎಫ್ ಓಡಿಸಿ, ಹಳೇ ಫೈಲನ್ನ ಯಾರೂ ಹಿಡಿದಿಲ್ಲ ಅಂತ ನೋಡಿಯೇ ಆರ್‌ಎಂ ಹೊಡೆದೆ.