ಎಂಜಿನ್ ಒಂದು ಗಾಡಿಯದು, ಗೇರ್‌ಬಾಕ್ಸ್ ಇನ್ನೊಂದರದು: ಕ್ಲಚ್ ಕೂಡಿಸಿದ ಬಗೆ

ಈ ಜೋಡಿ ಕೂಡುವುದಿಲ್ಲ ಎಂದವರೇ ಹೆಚ್ಚು. ಎಂಜಿನ್‌ನ ಕ್ಲಚ್ ಪ್ಲೇಟ್ 200 ಮಿ.ಮೀ. ವ್ಯಾಸದ್ದು, ನಡುತೂತು 20 ಹಲ್ಲಿನದು. ಆ ತೂತಿಗೆ ತೂರಬೇಕಾದ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ 24 ಹಲ್ಲಿನದು. ಶಾಫ್ಟ್ ಬದಲಿಸಿ, ಇಲ್ಲವೇ ಆರ್ಡರ್ ಕೊಟ್ಟು ಸೆಟ್ ಮಾಡಿಸಿ ಎಂಬುದೇ ಎಲ್ಲರ ಸಲಹೆ. ನಾನು ಎರಡನ್ನೂ ಮಾಡಲಿಲ್ಲ. ಫ್ಲೈವೀಲ್ (ಕ್ರ್ಯಾಂಕ್ ತುದಿಯ ಭಾರದ ಚಕ್ರ), ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಎಂಜಿನ್‌ನವೇ ಉಳಿದವು. 200 ಮಿ.ಮೀ. ಅಳತೆಯೂ 24 ಹಲ್ಲೂ ಒಟ್ಟಿಗೇ ಇರುವ, ಮೂರನೆಯ ಗಾಡಿಯೊಂದರ ಕ್ಲಚ್ ಪ್ಲೇಟ್ ಹುಡುಕಿ ಹಾಕಿದೆ. ಆರ್ಡರ್ ಸೆಟ್‌ಗೆ ಕೇಳಿದ ದುಡ್ಡಿನ ಸುಮಾರು ಮೂರನೇ ಒಂದು ಭಾಗದಲ್ಲಿ ಕೆಲಸ ಮುಗಿಯಿತು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹೋದದ್ದು ಲೇತ್ ಕೆಲಸಕ್ಕೆ.

ಹಲ್ಲು ಎಣಿಸಿ ಪ್ಲೇಟ್ ಕೊಂಡರೆ ಸಾಲದು. ಹಲ್ಲಿನ ಲೆಕ್ಕ ಸರಿಯಿದ್ದರೂ ಶಾಫ್ಟ್‌ನ ದಪ್ಪ, ಹಲ್ಲಿನ ಆಕಾರ ಬೇರೆಯಾಗಿರಬಹುದು. ಶಾಫ್ಟ್ ಮೇಲೆ ಪ್ಲೇಟ್ ತನ್ನ ಭಾರಕ್ಕೇ ಜಾರಬೇಕು, ತಿರುಗಿಸಿ ನೋಡಿದರೆ ಲಟಲಟ ಆಡಬಾರದು. ಅದಾದ ಮೇಲೆ ಹಬ್. ಸ್ಪ್ರಿಂಗ್ ಇರುವ ನಡುಭಾಗ ಫ್ಲೈವೀಲ್ ಬೋಲ್ಟ್‌ಗಳ ತಲೆಗೆ ತಾಗುತ್ತದೆಯೇ ಎಂದು ತಿಳಿಯಲು ಬೋಲ್ಟ್ ತಲೆಗಳ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು, ಪ್ರೆಷರ್ ಪ್ಲೇಟ್ ಪೂರ್ತಿ ಬಿಗಿದು ಬಿಚ್ಚಿದೆ. ಉಳಿದ ಮಣ್ಣಿನ ದಪ್ಪ 3 ಮಿ.ಮೀ. ಹತ್ತಿರ ಇತ್ತು. ಪ್ಲೇಟ್ ಸವೆದಂತೆ ಹಬ್ ಬೋಲ್ಟ್ ಕಡೆಗೇ ಸರಿಯುವುದರಿಂದ 2 ಮಿ.ಮೀ.ಗಿಂತ ಕಡಿಮೆಯಿದ್ದರೆ ಆ ಪ್ಲೇಟ್ ಬೇಡ.

ನಡುವೆ ಬೇರೊಂದು ದಾರಿಯನ್ನೂ ನೋಡಿದೆ: ಒಂದು ಪ್ಲೇಟ್‌ನ ಹಬ್ ಬಿಡಿಸಿ ಇನ್ನೊಂದಕ್ಕೆ ರಿವೆಟ್ ಹೊಡೆಯುವುದು. ಅಗ್ಗ ನಿಜ, ಆದರೆ ಹಬ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಪ್ಲೇಟ್ ಓಲಾಡಿ ಕ್ಲಚ್ ಪೂರ್ತಿ ಬಿಡುವುದಿಲ್ಲ. ಸೆರಾಮಿಕ್ ಗುಂಡಿಯ ಪ್ಲೇಟ್ ಹಿಡಿತ ಚೆನ್ನಾಗಿ ಕೊಡುತ್ತದೆ, ಆದರೆ ಗಾಡಿ ಹೊರಡುವಾಗ ಪ್ರತಿ ಸಲವೂ ಎಗರುತ್ತದೆ. ದಿನಬಳಕೆಯ ಗಾಡಿಗೆ ಅದು ಒಗ್ಗದು.

ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೂರುವ ಅಡಾಪ್ಟರ್ ಪ್ಲೇಟ್‌ಗೆ 15 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತೆಗೆದುಕೊಂಡೆ. ಅದರ ಬದಲು ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ, ಗೇರ್‌ಬಾಕ್ಸ್ ಮುಂದಿನ ಕವಚ) ಕತ್ತರಿಸಿ ವೆಲ್ಡ್ ಮಾಡುವವರಿದ್ದಾರೆ. ಬಿಸಿಗೆ ಮುಖ ತಿರುಚಿಕೊಂಡರೆ ಮತ್ತೆ ಮಿಲ್ಲಿಂಗ್ ಖರ್ಚು. ಅಡಾಪ್ಟರ್‌ನ ಅಸಲು ಕೆಲಸ ಎರಡೂ ಬದಿಯ ಡೋವೆಲ್ ಪಿನ್‌ಗಳದು. ಬೋಲ್ಟ್ ಹಿಡಿದಿಡುತ್ತದೆ ಅಷ್ಟೇ, ಸೆಂಟರ್ ಕೊಡುವುದು ಡೋವೆಲ್. ಫ್ಲೈವೀಲ್ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಬೆಲ್ ಹೌಸಿಂಗ್‌ನ ಒಳತೂತಿನ ಅಂಚು ಓದಿದೆ. ಮುಳ್ಳು ಒಟ್ಟು 0.40 ಮಿ.ಮೀ. ಆಡಿತು. 0.13 ಮಿ.ಮೀ. ದಾಟಿದರೆ ಇನ್‌ಪುಟ್ ಬೇರಿಂಗ್ ಕೂಗುತ್ತದೆ, ಪೈಲಟ್ ಬುಷ್ (ಶಾಫ್ಟ್ ಮೂಗನ್ನು ಕ್ರ್ಯಾಂಕ್ ತುದಿಯಲ್ಲಿ ಹಿಡಿಯುವ ಬುಷ್) ಒಂದೇ ಬದಿಗೆ ಸವೆಯುತ್ತದೆ, ಎಳೆಯುವಾಗ ಗೇರ್ ಹಾರುತ್ತದೆ. ಮುಳ್ಳು ಆಡಿದ್ದರ ಅರ್ಧ, ಅಂದರೆ 0.20, ನಿಜವಾದ ಸರಿತ. 0.007 ಇಂಚಿನ (ಸುಮಾರು 0.18 ಮಿ.ಮೀ.) ಆಫ್‌ಸೆಟ್ ಡೋವೆಲ್, ಅಂದರೆ ನಡುವಿನಿಂದ ಅಷ್ಟು ಸರಿದ ಪಿನ್, ಹಾಕಿ ಸರಿಯಾದ ಕಡೆಗೆ ತಿರುಗಿಸಿದರೆ ಗೇಜ್‌ನಲ್ಲಿ ಅದರ ಎರಡರಷ್ಟು, 0.36, ತೀರುತ್ತದೆ. ಕೊನೆಗೆ ಗೇಜ್ 0.05ರ ಒಳಗೇ ನಿಂತಿತು. ಕಂಪನಿಯಿಂದ ಬಂದ ಎಷ್ಟೋ ಜೋಡಿಗಳಲ್ಲಿ ಇಷ್ಟು ನೇರ ಸಿಗುವುದಿಲ್ಲ. ಆಫ್‌ಸೆಟ್ ಯಾವ ಕೋನಕ್ಕೆ ನಿಲ್ಲಬೇಕೆಂದು ಬಿಚ್ಚದೆಯೇ ಗುರುತಿಸುವ ನನ್ನದೊಂದು ಉಪಾಯವಿದೆ, ಅದು ನನ್ನ ಹತ್ತಿರವೇ ಇರಲಿ.

15 ಮಿ.ಮೀ. ಹಿಂದೆ ಸರಿದ ಗೇರ್‌ಬಾಕ್ಸ್‌ನ ಶಾಫ್ಟ್ ಮೂಗು ಪೈಲಟ್‌ಗೆ ಮುಟ್ಟುವುದಿಲ್ಲ. ಅದಕ್ಕೆ ಕ್ರ್ಯಾಂಕ್‌ನಿಂದ ಹೊರಚಾಚುವ, ಎಣ್ಣೆ ಹೀರಿದ ಕಂಚಿನ ಬುಷ್ ಮಾಡಿಸಿದೆ. ಮೂಗು 12ರಿಂದ 15 ಮಿ.ಮೀ. ಒಳಗೆ ಕೂರಬೇಕು, ತುದಿಯಲ್ಲಿ 2-3 ಮಿ.ಮೀ. ಖಾಲಿ ಇರಲೇಬೇಕು. ಪ್ರೆಸ್ ಮಾಡಿದಾಗ ಒಳತೂತು ಕುಗ್ಗಿ ಶಾಫ್ಟನ್ನು ಹಿಡಿಯುತ್ತದೆ. ಹಾಗೆ ಹಿಡಿದರೆ ಕ್ಲಚ್ ತುಳಿದರೂ ಶಾಫ್ಟ್ ತಿರುಗುತ್ತಲೇ ಇರುತ್ತದೆ, ದೋಷವನ್ನೆಲ್ಲ ಜನ ಪ್ರೆಷರ್ ಪ್ಲೇಟ್ ಮೇಲೆ ಹೊರಿಸುತ್ತಾರೆ. ಮೊಂಡು ರೀಮರ್ ಆಡಿಸಿದರೆ ಕಂಚಿನ ಸಣ್ಣ ರಂಧ್ರಗಳು ಮುಚ್ಚಿ ಎಣ್ಣೆ ಹೊರಬರುವುದಿಲ್ಲ. ಚೂಪು ಟೂಲ್‌ನಲ್ಲೇ ಬೋರ್ ಮಾಡಿಸಿ.

ಕ್ಲಚ್ ತುಳಿದಾಗ ಪ್ರೆಷರ್ ಪ್ಲೇಟನ್ನು ಬಿಡಿಸುವ ರಿಲೀಸ್ ಬೇರಿಂಗ್ ಲೆಕ್ಕಕ್ಕೆ ತಾಳ್ಮೆ ಬೇಕು. ನನ್ನದು ಶಾಫ್ಟ್ ಸುತ್ತ ಕೂರುವ ಹೈಡ್ರಾಲಿಕ್ ಬೇರಿಂಗ್. ಪೂರ್ತಿ ಒಳಗೆ ಒತ್ತಿದಾಗ ಪ್ರೆಷರ್ ಪ್ಲೇಟ್‌ನ ಡಯಾಫ್ರಾಮ್ ಸ್ಪ್ರಿಂಗ್‌ನ ಬೆರಳುಗಳಿಗೂ ಅದಕ್ಕೂ 17 ಮಿ.ಮೀ. ಅಂತರ ಬಂತು. 12 ಮಿ.ಮೀ. ರಿಂಗ್ ಕೊಟ್ಟು 5 ಉಳಿಸಿದೆ. ಅಷ್ಟೇಕೆ ಅಂದರೆ, ಪ್ಲೇಟ್ 1 ಮಿ.ಮೀ. ಸವೆದರೆ ಬೆರಳ ತುದಿ ಸುಮಾರು 3 ಮಿ.ಮೀ. ಹಿಂದಕ್ಕೆ ಬರುತ್ತದೆ. ಜಾಗವಿಲ್ಲದಿದ್ದರೆ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು ಕ್ಲಚ್ ಜಾರುತ್ತದೆ, ಹೊಸ ಪ್ಲೇಟ್ ಬೇಗ ಸುಡುತ್ತದೆ.

ಪೆಡಲ್ ತುಳಿದಾಗ ಬೇರಿಂಗ್‌ಗೆ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ 5/8 ಇಂಚಿನದಿದ್ದಾಗ ಬೇರಿಂಗ್ 6 ಮಿ.ಮೀ. ಮಾತ್ರ ಸರಿಯಿತು, ರಿವರ್ಸ್ ಗೇರ್ ಕರಕರ ಅನ್ನುತ್ತಿತ್ತು. 3/4 ಇಂಚಿನದಕ್ಕೆ ಬದಲಿಸಿದೆ. ವ್ಯಾಸದ ವರ್ಗದ ಲೆಕ್ಕದಲ್ಲಿ ಸರಿತ 1.44 ಪಟ್ಟು, ಅಂದರೆ ಸುಮಾರು 8.6 ಮಿ.ಮೀ. ಪೆಡಲ್ ಅದೇ ಪ್ರಮಾಣದಲ್ಲಿ ಗಟ್ಟಿಯಾಯಿತು, ಒಪ್ಪಿಕೊಂಡೆ. ಆದರೆ ಪೆಡಲ್ ಕೆಳಗೆ ಸ್ಟಾಪ್ ಬೋಲ್ಟ್ ಹಾಕದೆ ಬಿಡಬೇಡಿ: ಬೇರಿಂಗ್ ಮಿತಿ ಮೀರಿ ಸರಿದರೆ ಸೀಲ್ ಹಾರಿ ಎಣ್ಣೆಯೆಲ್ಲ ಪ್ಲೇಟ್ ಮೇಲೆ ಚೆಲ್ಲುತ್ತದೆ, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ. ಗಾಡಿಯನ್ನು ಜ್ಯಾಕ್ ಮೇಲಿಟ್ಟು, ಮೊದಲ ಗೇರ್ ಹಾಕಿ ಕ್ಲಚ್ ತುಳಿದು, ಚಕ್ರ ಕೈಗೆ ಸಲೀಸಾಗಿ ತಿರುಗುವ ಜಾಗದಿಂದ ಒಂದು ಬೆರಳಷ್ಟು ಕೆಳಗೆ ಸ್ಟಾಪ್ ನಿಲ್ಲಿಸಿದೆ.