ಮೇ ತಿಂಗಳ ಜೈಸಲ್ಮೇರ್, ಅಪ್ಪನ ಜೊತೆ ನಾಲ್ಕು ದಿನ: ನನ್ನ ಅನುಭವ

ಮೇ ಮೂರನೇ ವಾರದಲ್ಲಿ ಜೈಸಲ್ಮೇರಿಗೆ ಹೋಗಿ ಬಂದ್ವಿ, ನಾನು, ನನ್ನ ಹೆಂಡ್ತಿ, ಮತ್ತೆ 68 ವರ್ಷದ ಅಪ್ಪ. ಆ ಬಿಸಿಲಲ್ಲಿ ಅಲ್ಲಿಗಾ ಅಂತ ಕೇಳದೇ ಇದ್ದವರಿಲ್ಲ. ಹೆಂಡ್ತಿ ಟೀಚರ್, ಅವಳಿಗೆ ಉದ್ದ ರಜೆ ಸಿಗೋದೇ ಆಗ, ಅಪ್ಪನೂ ಮೇಷ್ಟ್ರಾಗಿದ್ದವರು, ಮೂವತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿ ಒಂದು ಸಲಾನೂ ರಾಜಸ್ಥಾನ ನೋಡಿರ್ಲಿಲ್ಲ, ಇನ್ನು ಮುಂದಕ್ಕೆ ಹಾಕೋದು ಬೇಡ ಅಂತ ಟಿಕೆಟ್ ಮಾಡಿಸಿಬಿಟ್ವಿ. ಜೋಧಪುರದ ತನಕ ಒಂದು ಟ್ರೈನು, ಅಲ್ಲಿಂದ ರಾತ್ರಿ ಟ್ರೈನಲ್ಲಿ ಜೈಸಲ್ಮೇರು. ಜೊತೆಗೆ ನಾವು ರಾಯಚೂರಿನವರು, 42 ಡಿಗ್ರಿ ನಮಗೆ ಹೊಸದಲ್ಲ ಅನ್ನೋ ಧೈರ್ಯ ಬೇರೆ. ಮೊದಲನೇ ದಿನವೇ ಆ ಧೈರ್ಯ ಕೈಕೊಡ್ತು, ಅದನ್ನೇ ಮೊದಲು ಹೇಳ್ತೀನಿ.

ಆವತ್ತು ತಿಂಡಿ ತಿಂದು ಆರಾಮಾಗಿ ಹೊರಟು ಕುಲಧರಾ ತಲುಪೋ ಹೊತ್ತಿಗೆ ಹನ್ನೊಂದಾಗಿತ್ತು. ಪಾಲಿವಾಲ ಬ್ರಾಹ್ಮಣರು 19ನೇ ಶತಮಾನದ ಶುರುವಲ್ಲಿ ಬಿಟ್ಟು ಹೋದ ಊರು ಅದು, ಸೂರಿಲ್ಲದ ಗೋಡೆಗಳು ಸಾಲಾಗಿ ನಿಂತಿದಾವೆ, ಒಂದು ಮರದ ನೆರಳೂ ಇಲ್ಲ. ದೆವ್ವದ ಕಥೆ ಹೇಳೋಕೆ ಎಲ್ರೂ ರೆಡಿ ಇರ್ತಾರೆ, ಆದ್ರೆ ಅಪ್ಪನಿಗೆ ಇದ್ದ ಆಸಕ್ತಿ ಅವರ ಖಡೀನ್ ಬಗ್ಗೆ, ಅಂದ್ರೆ ಇಳಿಜಾರಲ್ಲಿ ಹರಿದು ಬರೋ ಮಳೆ ನೀರಿಗೆ ಅಡ್ಡ ಒಡ್ಡು ಹಾಕಿ ನಿಲ್ಲಿಸಿ, ನೀರು ಇಂಗಿದ ಮೇಲೆ ಆ ತೇವದ ಮೇಲೇ ಚಳಿಗಾಲದಲ್ಲಿ ಗೋಧಿ ಬೆಳೀತಿದ್ರಂತಲ್ಲ, ಅದು. ಅದನ್ನ ನನಗೆ ವಿವರಿಸ್ತಾ ಅಪ್ಪ ಬಿಸಿಲಲ್ಲೇ ಮುಕ್ಕಾಲು ಗಂಟೆ ನಡೆದ್ರು. ಮಧ್ಯದಲ್ಲಿ ಒಂದು ಮಾತು ಹೇಳಿದ್ರು, "ನೋಡೋ, ಬೆವರೇ ಬರ್ತಿಲ್ಲ, ನಮ್ಮೂರಿಗಿಂತ ಇಲ್ಲೇ ವಾಸಿ." ನಾನೂ ಹೌದು ಅಂದೆ.

ಬೆವರು ಬರ್ತಾ ಇತ್ತು. ಅಲ್ಲಿನ ಗಾಳಿ ಎಷ್ಟು ಒಣಾ ಅಂದ್ರೆ ಚರ್ಮದ ಮೇಲೆ ಬಂದ ತಕ್ಷಣ ಆರಿ ಹೋಗುತ್ತೆ, ಅಂಗಿ ಒದ್ದೆಯಾಗಲ್ಲ, ಮೈ ಜಿಗುಟು ಅನ್ಸಲ್ಲ, ಹಾಗಾಗಿ ಎಷ್ಟು ನೀರು ಮೈಯಿಂದ ಹೋಗಿದೆ ಅಂತ ಗೊತ್ತೇ ಆಗಲ್ಲ. ಕಾರಿನ ಹತ್ರ ಬರೋವಾಗ ಅಪ್ಪನ ಮೀನಖಂಡ ಹಿಡ್ಕೊಳ್ತು, ಕಾಲು ಮಡಚೋಕಾಗ್ಲಿಲ್ಲ, ತಲೆ ಸುತ್ತುತ್ತೆ ಅಂದ್ರು, ಏನು ಕೇಳಿದ್ರೂ ಸಿಡುಕು. ಆವಾಗ ಅವರ ಬೆನ್ನು ನೋಡಿದೆ, ನೀಲಿ ಅಂಗಿ ಮೇಲೆ ಹೆಗಲಿಂದ ಸೊಂಟದ ತನಕ ಬೆಳ್ಳಗೆ ಉಪ್ಪಿನ ಗೆರೆ ಬಿದ್ದಿತ್ತು, ಗೋಡೆ ಮೇಲೆ ಸುಣ್ಣ ಒಣಗಿದ ಹಾಗೆ. ನನಗೆ ಕೈಕಾಲೇ ಆಡ್ಲಿಲ್ಲ. ಡ್ರೈವರ್ ಅಲ್ಲಿಯವನೇ, ಇಪ್ಪತ್ತೈದರ ಹುಡುಗ, ಅವನೇ "ಬಾಬೂಜಿ ಮಲಕ್ಕೊಳ್ಳಿ" ಅಂತ ಹಿಂದಿನ ಸೀಟಲ್ಲಿ ಮಲಗಿಸಿ, ಏಸಿ ಹಾಕಿ, ತನ್ನ ವಲ್ಲಿ ಒದ್ದೆ ಮಾಡಿ ಕುತ್ತಿಗೆಗೆ ಕಂಕುಳಿಗೆ ಇಟ್ಟ, ಹೆಂಡ್ತಿ ಬ್ಯಾಗಲ್ಲಿದ್ದ ಓಆರ್‌ಎಸ್ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಸಿದ್ಲು. ಅರ್ಧ ಗಂಟೆಗೆ ಸರಿ ಹೋದ್ರು. ಸರಿ ಹೋಗದೆ ಮಾತು ತೊದಲಿದ್ರೆ, ಮಂಕಾದ್ರೆ, ಮೈ ಸುಡ್ತಾ ಇದ್ರೆ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಓಡಬೇಕು, ಅದು ಹುಡುಗಾಟದ ವಿಷಯ ಅಲ್ಲ. ಇನ್ನೊಂದು, ಅಪ್ಪ ಬಿಪಿ ಮಾತ್ರೆ ತಗೋತಾರೆ, ಕೆಲವು ಬಿಪಿ ಮಾತ್ರೆ ಮೈಯಿಂದ ನೀರು ಹೊರಗೆ ಹಾಕೋ ಥರದ್ದು, ನಾನು ಹೊರಡೋ ಮೊದಲು ಡಾಕ್ಟರ್ ಹತ್ರ ಕೇಳಿರ್ಲಿಲ್ಲ, ಆವತ್ತು ಸಂಜೆ ಫೋನ್ ಮಾಡಿ ಕೇಳಿದೆ. ಹಿರಿಯರನ್ನ ಕರ್ಕೊಂಡು ಹೋಗೋರು ದಯವಿಟ್ಟು ಮೊದಲೇ ಕೇಳ್ಕೊಳ್ಳಿ.

ಮಾರನೇ ದಿನದಿಂದ ಪೂರ್ತಿ ಟೈಮ್ ಟೇಬಲ್ ಬದಲಾಯಿಸಿದ್ವಿ. ಅಲ್ಲಿ ಸೂರ್ಯ ಹುಟ್ಟೋದು ಆರು ಗಂಟೆ ಹತ್ರ, ನಮಗಿಂತ ಸ್ವಲ್ಪ ತಡ ಅಷ್ಟೇ, ಆದ್ರೆ ಮುಳುಗೋದು ಏಳೂವರೆಗೆ, ರಾಯಚೂರಿಗಿಂತ ಮುಕ್ಕಾಲು ಗಂಟೆ ತಡ. ದೇಶದ ಪಶ್ಚಿಮದ ಅಂಚಲ್ಲಿರೋ ಊರು ಅದು, ಗಡಿಯಾರ ಮಾತ್ರ ಎಲ್ರಿಗೂ ಒಂದೇ. ಹಾಗಾಗಿ ಅಲ್ಲಿ ಸೂರ್ಯ ನೆತ್ತಿಗೆ ಬರೋದು 12.45ರ ಸುಮಾರಿಗೆ, ನಿಜವಾದ ಸುಡು ಬಿಸಿಲು ಮೂರರಿಂದ ಐದು. ನಮ್ಮ ಲೆಕ್ಕದಲ್ಲಿ ನಾಲ್ಕು ಗಂಟೆ ಅಂದ್ರೆ ಬಿಸಿಲು ಇಳೀತು, ಅಲ್ಲಿ ಇಳಿದಿರಲ್ಲ. ಒಬ್ಬ ಟ್ರಾವೆಲ್ಸ್‌ನವನು ಮೂರು ಗಂಟೆಗೆ ಒಂಟೆ ಸವಾರಿ, ಸನ್‌ಸೆಟ್ ಎಲ್ಲಾ ಸೇರಿ ಪ್ಯಾಕೇಜ್ ಅಂತ ಅಡ್ವಾನ್ಸ್ ತಗೊಂಡಿದ್ದ, ಕ್ಯಾನ್ಸಲ್ ಮಾಡಿದ್ವಿ, ದುಡ್ಡು ವಾಪಸ್ ಬರ್ಲಿಲ್ಲ, ಹೋಗ್ಲಿ. ನಾವು ಮಾಡ್ಕೊಂಡ ಲೆಕ್ಕ ಇಷ್ಟು, ನಾಲ್ಕೂವರೆಗೆ ಏಳೋದು, ಬೆಳಕು ಹರಿಯೋದ್ರೊಳಗೆ ಹೊರಗೆ ಇರೋದು, ಹತ್ತಕ್ಕೆ ರೂಮು, ಊಟ ಮಾಡಿ ನಿದ್ದೆ, ಆರಕ್ಕೆ ಮತ್ತೆ ಹೊರಗೆ. ನೀರು ತಲೆಗೆ ನಾಲ್ಕೈದು ಲೀಟರ್, ಬಾಯಾರಲಿ ಬಿಡಲಿ ಕುಡಿಯೋದೇ. ಬಾಟ್ಲಿಗೆ ಒದ್ದೆ ಕಾಲ್ಚೀಲ ಹಾಕಿ ಗಾಳಿಗೆ ನೇತು ಹಾಕಿದ್ರೆ ಮಡಕೆ ನೀರಿನ ಹಾಗೆ ತಣ್ಣಗಾಗುತ್ತೆ, ಅದೇ ಒಣ ಗಾಳಿ ಇಲ್ಲಿ ಉಪಕಾರಕ್ಕೆ ಬರುತ್ತೆ. ಇದೇ ಕಾರಣಕ್ಕೆ ಅಲ್ಲಿ ಏರ್ ಕೂಲರ್ ಭಾಳ ಚೆನ್ನಾಗಿ ಕೆಲಸ ಮಾಡುತ್ತೆ. ನಮ್ಮ ರೂಮಿನ ಕಿಟಕಿಗೆ ಲಾವಂಚದ ಚಾಪೆ ಕಟ್ಟಿ ನೀರು ಚಿಮುಕಿಸ್ತಿದ್ರು, ಆ ವಾಸನೆಗೇ ನಿದ್ದೆ ಬರೋದು.

ಬೆಳಿಗ್ಗೆ ಐದೂಮುಕ್ಕಾಲಿಗೆ ಕೋಟೆ ಹತ್ತಿದ್ವಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು, 99 ಬುರುಜು, ಒಳಗೆ ಇವತ್ತಿಗೂ ಜನ ಸಂಸಾರ ಮಾಡ್ಕೊಂಡಿದಾರೆ. ಅಖೈ ಪೋಲ್, ಸೂರಜ್ ಪೋಲ್, ಗಣೇಶ ಪೋಲ್ ದಾಟಿದ್ರೆ ನಾಲ್ಕನೇ ಬಾಗಿಲು ಹವಾ ಪೋಲ್, ಹೆಸರಲ್ಲೇ ಗಾಳಿ ಇದೆ. ಆ ಬಾಗಿಲ ಕೆಳಗೆ ಕಾಲಿಟ್ಟ ತಕ್ಷಣ ಗಾಳಿ ಮುಖಕ್ಕೆ ಬಡೀತು, ಅಲ್ಲೇ ಊರಿನ ನಾಲ್ಕೈದು ಜನ ಮುದುಕರು ಕೂತಿದ್ರು, ಅಪ್ಪನಿಗೂ ಜಾಗ ಸರಿಸಿ ಕೊಟ್ರು. ಅಪ್ಪನ ಹಿಂದಿ ಅಷ್ಟಕ್ಕಷ್ಟೇ, ಅವರದ್ದು ಮಾರ್ವಾಡಿ, ಆದ್ರೂ ಅರ್ಧ ಗಂಟೆ ಮಾತಾಡಿದ್ರು. ಚಳಿಗಾಲದಲ್ಲಿ ಬಂದಿದ್ರೆ ಆ ಬಾಗಿಲ ಫೋಟೋ ತೆಗೆದು ಮುಂದೆ ಹೋಗಿರ್ತಿದ್ವಿ, ಅಲ್ಲಿ ಯಾಕೆ ಕೂರಬೇಕು ಅಂತಾನೇ ಹೊಳೀತಿರ್ಲಿಲ್ಲ.

ಆ ಊರಲ್ಲಿ ಎಲ್ಲಾದಕ್ಕೂ ಹೀಗೇನೇ, ಬಿಸಿಲಲ್ಲಿ ನೋಡಿದ್ರೆ ಪ್ರತಿಯೊಂದಕ್ಕೂ ಕಾರಣ ಕಾಣುತ್ತೆ. ಕೋಟೆ ಒಳಗಿನ ಓಣಿಗಳು ಕೈ ಚಾಚಿದ್ರೆ ಎರಡೂ ಗೋಡೆ ಮುಟ್ಟೋ ಅಷ್ಟು ಸಣ್ಣ, ಎರಡೂ ಕಡೆ ಎತ್ತರದ ಮನೆ, ಮೇಲೆ ಝರೋಕಾಗಳು, ಅಂದ್ರೆ ಕೆತ್ತನೆಯ ಕಿಟಕಿ ಮಾಡಗಳು, ಮುಂದಕ್ಕೆ ಚಾಚಿವೆ, ನೆಲಕ್ಕೆ ಬಿಸಿಲು ಬೀಳೋದು ನಡು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಪಟ್ವೋಂ ಕೀ ಹವೇಲಿಗೆ ಹೋದಾಗ ಒಂಬತ್ತು ಗಂಟೆ. ಗುಮಾನ್ ಚಂದ್ ಪಟ್ವಾ ಅನ್ನೋ ವ್ಯಾಪಾರಿ 1805ರಲ್ಲಿ ಕಟ್ಟಿಸೋಕೆ ಶುರು ಮಾಡಿದ್ದು, ಐದು ಮಕ್ಕಳಿಗೆ ಐದು ಮನೆ. ಮುಂಭಾಗದಲ್ಲಿ ಒಂದು ಗೇಣು ಜಾಗವೂ ಬರಿದು ಬಿಟ್ಟಿಲ್ಲ, ಎಲ್ಲಾ ಕೆತ್ತನೆ. ಎಲ್ರೂ ಅದನ್ನ ಶ್ರೀಮಂತಿಕೆ ಅಂತಾರೆ, ಹೌದು, ಆದ್ರೆ ಬೆಳಗಿನ ಓರೆ ಬಿಸಿಲಲ್ಲಿ ನೋಡಿದ್ರೆ ಪ್ರತಿ ಹೂವು ಪ್ರತಿ ಎಲೆ ತನ್ನ ಪಕ್ಕದ ಕಲ್ಲಿಗೆ ನೆರಳು ಕೊಡ್ತಾ ಇರುತ್ತೆ, ನುಣುಪು ಗೋಡೆ ಆಗಿದ್ರೆ ಪೂರ್ತಿ ಬಿಸಿಲಿಗೆ ಒಡ್ಕೊಂಡಿರ್ತಿತ್ತು. ಎರಡನೇ ಮಹಡಿಲಿ ಓಣಿ ಕಡೆಗಿರೋ ಜಾಲಿ ಕಿಟಕಿ, ಅಂದ್ರೆ ಕಲ್ಲಲ್ಲಿ ಸಣ್ಣ ಸಣ್ಣ ತೂತು ಕೊರೆದ ಕಿಟಕಿ ಹತ್ರ ಅಪ್ಪ ನಿಂತ್ಕೊಂಡು ಅಂಗೈ ಒಡ್ಡಿದ್ರು. ನಾನೂ ಇಟ್ಟೆ. ರಂಧ್ರಕ್ಕೊಂದು ಎಳೆ ಗಾಳಿ ಬೆರಳಿಗೆ ಬೇರೆ ಬೇರೆಯಾಗಿ ತಾಗೋದು, ಕೈ ಒಂದಡಿ ಹಿಂದಕ್ಕೆ ತಗೊಂಡ್ರೆ ಎಲ್ಲಾ ಸೇರಿ ಒಂದೇ ಗಾಳಿ. ಹಿಂದೆ ತೆರೆದ ಅಂಗಳ ಇದೆ, ಅಲ್ಲಿ ಕಾದ ಗಾಳಿ ಮೇಲಕ್ಕೆ ಹೋಗುತ್ತೆ, ಆ ಜಾಗ ತುಂಬೋಕೆ ಓಣಿಯ ನೆರಳಿನ ಗಾಳಿ ಈ ಜಾಲಿಯಿಂದ ಒಳಗೆ ಬರಬೇಕು. ಅಪ್ಪ ತುಂಬಾ ಹೊತ್ತು ಕೈ ತೆಗೀಲಿಲ್ಲ.

ಜೈನ ಬಸದಿಗಳಿಗೆ ಬೆಳಿಗ್ಗೆಯೇ ಹೋಗಿ, ನಾವು ಹೋದ ಸಮಯದಲ್ಲಿ 12ಕ್ಕೆ ಬಾಗಿಲು ಹಾಕ್ತಿದ್ರು. ಚರ್ಮದ ಬೆಲ್ಟು ಪರ್ಸು ಒಳಗೆ ಬಿಡಲ್ಲ, ಚಪ್ಪಲಿ ಬಿಟ್ಟು ನಡೀಬೇಕು, ಹತ್ತರ ಮೇಲೆ ಅಂಗಳದ ಕಲ್ಲು ಅಂಗಾಲು ಸುಡುತ್ತೆ, ದಪ್ಪ ಬಟ್ಟೆ ಕಾಲ್ಚೀಲ ಇಟ್ಕೊಂಡಿರಿ. ಅಲ್ಲಿನ ಜಿನಭದ್ರಸೂರಿ ಜ್ಞಾನ ಭಂಡಾರದಲ್ಲಿ ಹಳೇ ತಾಳೆಗರಿ ಗ್ರಂಥಗಳಿವೆ, ನೆಲದಡಿಯ ಕೋಣೆ, ಒಳಗೆ ತಂಪು. ಅಪ್ಪನಿಗೆ ತಕ್ಷಣ ಮೂಡುಬಿದಿರೆ ನೆನಪಾಯ್ತು, ಅಲ್ಲಿ ಸುರಿಯೋ ಮಳೆ ಇಲ್ಲಿ ಸುಡೋ ಬಿಸಿಲು, ಎರಡೂ ಕಡೆ ಜೈನರು ಗರಿ ಉಳಿಸ್ಕೊಂಡ್ರಲ್ಲ ಅಂತ.

ವಸತಿ ಬಗ್ಗೆ ಒಂದು ಮಾತು. ಕೋಟೆ ಒಳಗೇ ಹೋಟ್ಲುಗಳಿವೆ, ಮೇ ತಿಂಗಳಲ್ಲಿ ರೇಟೂ ಕಮ್ಮಿ, ಆದ್ರೆ ನಾವು ಹೊರಗೆ ಉಳ್ಕೊಂಡ್ವಿ. ಕೊಡದಲ್ಲಿ ನೀರು ಹೊತ್ತು ತರೋ ಕಾಲಕ್ಕೆ ಕಟ್ಟಿದ ಕೋಟೆ ಅದು, ಈಗ ನಲ್ಲಿ, ಶವರ್, ಫ್ಲಶ್ ಎಲ್ಲಾ ಬಂದು ಆ ನೀರು ಬುಡಕ್ಕೆ ಇಂಗಿ ಗೋಡೆ ಬುರುಜುಗಳು ಕುಸಿದಿದಾವೆ. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಬೇಸಿಗೆಲಿ ದಿನಕ್ಕೆ ಮೂರು ಸಲ ಸ್ನಾನ ಮಾಡೋರು ನಾವು, ಅದನ್ನ ಆ ಗುಡ್ಡದ ಮೇಲೆ ಮಾಡೋಕೆ ಮನಸ್ಸು ಬರ್ಲಿಲ್ಲ. ಇನ್ನು ಹಗಲೆಲ್ಲಾ ಕಾದ ಕಲ್ಲು ಮಧ್ಯರಾತ್ರಿ ತನಕ ಬಿಸಿ ಬಿಡ್ತಾನೇ ಇರುತ್ತೆ, ಅದಕ್ಕೆ ರಾತ್ರಿ ಮಾಳಿಗೆ ಮೇಲೆ ಹೊರಸು ಹಾಕಿಸ್ಕೊಂಡು ಮಲಗಿದ್ವಿ, ಅಪ್ಪ ಚಿಕ್ಕವರಿದ್ದಾಗ ಮಲಗ್ತಿದ್ದ ಹಾಗೇ.

ಊಟದಲ್ಲಿ ಮಜ್ಜಿಗೆ ಬಿಟ್ರೆ ನನಗೆ ಮರೆಯೋಕಾಗದ್ದು ಸಾಂಗ್ರಿ, ಅಂದ್ರೆ ಅಲ್ಲಿನ ಖೇಜ್ರಿ ಮರದ ಕಾಯಿ. ಇದಕ್ಕೆ ಕೇರ್ ಅನ್ನೋ ಸಣ್ಣ ಕಾಯಿ ಸೇರಿಸಿ ಮಾಡೋ ಕೇರ್ ಸಾಂಗ್ರಿ ಪಲ್ಯ ವರ್ಷವೆಲ್ಲಾ ಸಿಗುತ್ತೆ, ಒಣಗಿಸಿಟ್ಟ ಕಾಯಲ್ಲಿ ಮಾಡ್ತಾರೆ, ಹಸಿ ಕಾಯಿ ಮರದಲ್ಲಿರೋದು ಬೇಸಿಗೆಲಿ ಮಾತ್ರ. ಡ್ರೈವರ್ ಹುಡುಗ ತನ್ನ ಮನೆಗೆ ಕರ್ಕೊಂಡು ಹೋಗಿ ಅವನ ತಾಯಿ ಕೈಯಲ್ಲಿ ಹಸಿ ಸಾಂಗ್ರಿ ಪಲ್ಯ ಮಾಡಿಸಿದ. ಮನೆ ಮುಂದಿನ ಖೇಜ್ರಿ ಮರ ನೋಡಿ ಅಪ್ಪ ಎಲೆ ಕಿತ್ತು ತಿರುಗಿಸಿ ನೋಡಿದ್ರು, "ಇದು ನಮ್ಮ ಬನ್ನಿ ಗಿಡ ಅಲ್ಲೇನೋ!" ಹೌದು, ಅದೇ ಮರ. ದಸರಾಕ್ಕೆ ನಾವು ಎಲೆ ಹಂಚಿ ಬನ್ನಿ ಬಂಗಾರ ಅಂತೀವಿ, ಅವರು ಅದರ ಕಾಯಿ ತಿಂದು ಬರಗಾಲ ಕಳೆದಿದಾರೆ. ಅಪ್ಪ ಆ ತಾಯಿಗೆ ಕೈ ಮುಗಿದು ಇನ್ನೊಂದು ಸಲ ಬಡಿಸ್ಕೊಂಡ್ರು.

ಗಡೀಸರ್ ಕೆರೆಗೆ ಎರಡು ಸಂಜೆ ಹೋದ್ವಿ. 14ನೇ ಶತಮಾನದಲ್ಲಿ ಮಹಾರಾವಲ್ ಗಡಸೀ ಕಟ್ಟಿಸಿದ್ದು, ಶತಮಾನಗಟ್ಟಲೆ ಊರಿಗೆ ಕುಡಿಯೋಕೆ ಇದೇ ನೀರು, ಈಗ ಇಂದಿರಾ ಗಾಂಧಿ ಕಾಲುವೆ ನೀರು ಬರುತ್ತೆ. ದಂಡೆಯ ತೀಲೋಂ ಬಾಗಿಲು ಒಬ್ಬ ಗಣಿಕೆ ಕಟ್ಟಿಸಿದ್ದಂತೆ, ರಾಜಮನೆತನ ಒಡೆಸಬಾರದು ಅಂತ ಮೇಲೆ ಕೃಷ್ಣನ ಗುಡಿ ಇಟ್ಟಳಂತೆ. ಎರಡನೇ ಸಂಜೆ ಅಲ್ಲಿ ಕೂತಿದ್ದಾಗಲೇ ಪಶ್ಚಿಮದ ಕಡೆ ಆಕಾಶ ಕಂದು ಬಣ್ಣಕ್ಕೆ ತಿರುಗ್ತು. ಬೋಟಿನವರು "ಆಂಧಿ, ಆಂಧಿ" (ಧೂಳಿನ ಬಿರುಗಾಳಿ) ಅಂತ ಕೂಗಿ ದೋಣಿ ದಡಕ್ಕೆ ಎಳೆದ್ರು, ನಾವು ಒದ್ದೆ ವಲ್ಲಿ ಮುಖಕ್ಕೆ ಸುತ್ಕೊಂಡು ಆ ಬಾಗಿಲ ಕಮಾನಿನ ಒಳಗೆ ನುಗ್ಗಿದ್ವಿ. ಇಪ್ಪತ್ತು ನಿಮಿಷ ಎದುರಿನ ಕೆರೆ ಕಾಣ್ಲಿಲ್ಲ, ಹಲ್ಲಿನ ಸಂದೀಲೆಲ್ಲಾ ಮರಳು. ಆಮೇಲೆ ನಾಲ್ಕು ಹನಿ ಬಿತ್ತು, ನೆಲ ಒದ್ದೆಯಾಗೋ ಅಷ್ಟೂ ಇಲ್ಲ, ಆದ್ರೆ ಅಲ್ಲಿದ್ದ ಮಕ್ಕಳೆಲ್ಲಾ ಕಮಾನಿನಿಂದ ಹೊರಗೋಡಿ ಮುಖ ಮೇಲಕ್ಕೆತ್ತಿ ನಿಂತ್ರು, ಅಪ್ಪನೂ ಕನ್ನಡಕ ತೆಗೆದು ಅವರ ಜೊತೆ ಹೋಗಿ ನಿಂತ್ಕೊಂಡ್ರು.