ಶುಕ್ರವಾರದ ಎರಡು ಗಂಟೆ: ಪಿಎಚ್‌ಡಿ, ಪೋಸ್ಟ್‌ಡಾಕ್ ಮಾಡುತ್ತಲೇ ಮುಂದಿನ ದಾರಿ ಹುಡುಕುವುದು ಹೇಗೆ

ಪೋಸ್ಟ್‌ಡಾಕ್ ಆಗಿ, ಅಂದರೆ ಪಿಎಚ್‌ಡಿ ಆದ ಮೇಲೆ ಇನ್ನೊಬ್ಬರ ಲ್ಯಾಬ್‌ನಲ್ಲಿ ಮಾಡುವ ತಾತ್ಕಾಲಿಕ ಸಂಶೋಧನೆಯಲ್ಲಿ, ನನ್ನ ನಾಲ್ಕನೇ ವರ್ಷ ಮುಗಿಯುತ್ತಾ ಬಂದಿತ್ತು. ಒಂದು ರಾತ್ರಿ ಲ್ಯಾಬ್‌ನಲ್ಲಿ ಜೆಲ್ ಓಡುತ್ತಿರುವಾಗ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಕೆ99 ಗ್ರಾಂಟಿನ ನಿಯಮಗಳನ್ನು ಮೊದಲ ಸಲ ಪೂರ್ತಿ ಓದಿದೆ. ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬ್‌ಗೆ ದಾಟಿಸುವ ಗ್ರಾಂಟ್ ಅದು. ಎರಡು ವರ್ಷದವರೆಗೆ ಗೈಡ್ ಜೊತೆ, ಆಮೇಲೆ ಮೂರು ವರ್ಷದವರೆಗೆ ಸ್ವತಂತ್ರವಾಗಿ. ಅರ್ಜಿ ಹಾಕುವ ಹೊತ್ತಿಗೆ ಪೋಸ್ಟ್‌ಡಾಕ್ ಅನುಭವ 4 ವರ್ಷ ಮೀರಿರಬಾರದು ಅಂತ ಅಲ್ಲಿತ್ತು. ಮುಂದಿನ ಗಡುವಿಗೆ ನನ್ನದು 4 ವರ್ಷ 2 ತಿಂಗಳು ಆಗುತ್ತಿತ್ತು. ಕೆಲಸ ಚೆನ್ನಾಗಿ ನಡೆದಿತ್ತು, ಪೇಪರ್ ಬಂದಿತ್ತು. ಕ್ಯಾಲೆಂಡರ್ ಮಾತ್ರ ನೋಡಿರಲಿಲ್ಲ.

ಈಗ ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ, ಪೋಸ್ಟ್‌ಡಾಕ್‌ಗಳ ಅರ್ಜಿ ಓದಿ ತಿದ್ದುವ ಕೆಲಸದಲ್ಲಿದ್ದೇನೆ. ತಿಂಗಳಿಗೊಬ್ಬರಾದರೂ ಎದುರಿನ ಕುರ್ಚಿಯಲ್ಲಿ ಕೂತು, "ಇಂಥದ್ದೊಂದು ಇದೆ ಅಂತಾನೇ ಗೊತ್ತಿರಲಿಲ್ಲ" ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಾರಕ್ಕೆ ಎರಡು ಗಂಟೆ ತೆಗೆದಿಟ್ಟಿದ್ದರೆ ಅವರಿಗೆ ಗೊತ್ತಿರುತ್ತಿತ್ತು. ಆ ಎರಡು ಗಂಟೆಯಲ್ಲಿ ಏನು ಮಾಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಮಯ ಕೇಳಿ ತೆಗೆದುಕೊಳ್ಳಿ

ಎರಡು ಗಂಟೆ ಜಾಸ್ತಿ ಆಯಿತು ಅನ್ನಿಸಬಹುದು. ಸಂಶೋಧಕರ ಬೆಳವಣಿಗೆಗಾಗಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ 2019ರ ಒಡಂಬಡಿಕೆಯಲ್ಲಿ, ಅದಕ್ಕಾಗಿಯೇ ವರ್ಷಕ್ಕೆ ಕನಿಷ್ಠ 10 ದಿನ ಕೊಡಬೇಕು ಎಂದಿದೆ. ದಿನಕ್ಕೆ 8 ಗಂಟೆಯಂತೆ 80 ಗಂಟೆ ಆಯಿತು. 48 ವಾರಕ್ಕೆ ಹಂಚಿದರೆ ವಾರಕ್ಕೆ ಎರಡು ಗಂಟೆಗೂ ಸ್ವಲ್ಪ ಕಡಿಮೆ. ನಾನು ಕೇಳುತ್ತಿರುವುದೂ ಅಷ್ಟೇ. ಶುಕ್ರವಾರ ಮಧ್ಯಾಹ್ನದ ಮೇಲೆ ಹೊಸ ಪ್ರಯೋಗ ಶುರು ಮಾಡುವವರು ಕಡಿಮೆ, ಅದಕ್ಕೇ ಆ ಹೊತ್ತು ಒಳ್ಳೆಯದು. ನಿಮ್ಮ ಸೆಲ್‌ಗಳಿಗೆ ಶುಕ್ರವಾರವೇ ಮೀಡಿಯಾ (ಅವು ಬೆಳೆಯುವ ದ್ರಾವಣ) ಬದಲಿಸಬೇಕಿದ್ದರೆ ಬೇರೆ ದಿನ ಇಟ್ಟುಕೊಳ್ಳಿ.

ಗೈಡ್‌ಗೆ ಗೊತ್ತಾಗದ ಹಾಗೆ ಮಾಡಬೇಡಿ. ಹಾಗಂತ "ನನ್ನ ಕೆರಿಯರ್ ಬಗ್ಗೆ ಮಾತಾಡಬೇಕಿತ್ತು" ಅಂತಲೂ ಶುರು ಮಾಡಬೇಡಿ. ಇವರು ಲ್ಯಾಬ್ ಬಿಟ್ಟು ಹೋಗುತ್ತಾರೇನೋ ಅಂತ ಗೈಡ್ ಗಾಬರಿಯಾಗುತ್ತಾರೆ. ಹೀಗೆ ಹೇಳಿ ನೋಡಿ: "ಮುಂದಿನ ವರ್ಷ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಅದರ ತಯಾರಿಗೆ ಶುಕ್ರವಾರ ಮೂರರಿಂದ ಐದು ಇಟ್ಟುಕೊಳ್ಳುತ್ತೇನೆ. ಆ ವಾರದ ಪ್ರಯೋಗ ಅಷ್ಟರೊಳಗೆ ಮುಗಿಸಿರುತ್ತೇನೆ." ಇಷ್ಟಕ್ಕೆ ಬೇಡ ಅನ್ನುವವರು ಕಡಿಮೆ.

ಮೂರು ದಿನಾಂಕದ ಹಾಳೆ

ಮೊದಲ ಶುಕ್ರವಾರ ಒಂದು ಹಾಳೆ ತೆಗೆದುಕೊಳ್ಳಿ. ಪಿಎಚ್‌ಡಿ ಪದವಿ ಸಿಕ್ಕ ಅಥವಾ ಸಿಗಲಿರುವ ದಿನ, ಪೋಸ್ಟ್‌ಡಾಕ್ ಶುರುವಾದ ದಿನ, ಈಗಿರುವ ದೇಶಕ್ಕೆ ಬಂದ ದಿನ, ಈ ಮೂರನ್ನೂ ಬರೆಯಿರಿ. ಬಹುಪಾಲು ಫೆಲೋಶಿಪ್‌ಗಳ ಲೆಕ್ಕ ಇವುಗಳಲ್ಲಿ ಒಂದರಿಂದ ಶುರುವಾಗುತ್ತದೆ.

ಐರೋಪ್ಯ ಒಕ್ಕೂಟದ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ ನೋಡಿ. ನೀವು ಹೋಗಬೇಕೆಂದಿರುವ ದೇಶದಲ್ಲಿ, ಗಡುವಿಗೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಮೊದಲು ಲ್ಯಾಬ್ ಸೇರಿಕೊಳ್ಳೋಣ, ಅಲ್ಲಿಗೆ ಹೋದ ಮೇಲೆ ಅರ್ಜಿ ಹಾಕೋಣ ಅಂದುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ಒಂದೂವರೆ ವರ್ಷ ಆದ ಮೇಲೆ ನೋಡಿದರೆ ಬಾಗಿಲು ಮುಚ್ಚಿರುತ್ತದೆ. ಜೀವವಿಜ್ಞಾನಕ್ಕೆ ಹಣ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂನದು ಇನ್ನೊಂದು ರೀತಿ. ದೇಶವೂ ಬದಲಾಗಬೇಕು, ವಿಷಯವೂ ನಿಜವಾಗಿ ಬದಲಾಗಬೇಕು. ಥೀಸಿಸ್ ವಿಷಯವನ್ನೇ ಬೇರೆ ಲ್ಯಾಬ್‌ನಲ್ಲಿ ಮುಂದುವರಿಸುತ್ತೇನೆ ಅಂದರೆ ಅಲ್ಲಿ ನಡೆಯುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬರುವವರಿಗೆ ಅಲ್ಲಿ ಬೇರೆಯೇ ಫೆಲೋಶಿಪ್ ಇದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ.

ಹೆರಿಗೆ ರಜೆ, ಮಗುವಿನ ಆರೈಕೆ, ದೀರ್ಘ ಕಾಯಿಲೆಗೆ ಹಲವು ಕಡೆ ಅವಧಿ ವಿಸ್ತರಿಸುತ್ತಾರೆ. ಕೇಳಲು ಸಂಕೋಚ ಬೇಡ, ಅದು ನಿಯಮದಲ್ಲೇ ಇರುತ್ತದೆ. ಆದರೆ ನಿಯಮ ವರ್ಷ ವರ್ಷ ಬದಲಾಗುತ್ತದೆ. ಆ ವರ್ಷದ ಪ್ರಕಟಣೆಯನ್ನೇ ಓದಿ. ಪ್ರತಿ ಗಡುವಿನ ಎದುರು ಆರು ತಿಂಗಳು ಹಿಂದಿನ ದಿನಾಂಕವನ್ನೂ ಬರೆದುಕೊಳ್ಳಿ. ಅರ್ಜಿಯ ಕೆಲಸ ಅವತ್ತು ಶುರುವಾಗಬೇಕು.

ಆ ಕೆಲಸ ಮಾಡುವವರನ್ನೇ ಕೇಳಿ

ಪ್ರೊಫೆಸರ್ ಆಗುವುದೋ, ಕಂಪನಿಗೆ ಹೋಗುವುದೋ, ಬೇರೇನಾದರೂ ಮಾಡುವುದೋ? 2012ರಲ್ಲಿ ಸೈನ್ಸ್ ಪತ್ರಿಕೆಯ ಉದ್ಯೋಗ ವಿಭಾಗ ಸೈನ್ಸ್ ಕೆರಿಯರ್ಸ್ ಶುರು ಮಾಡಿದ ಮೈಐಡಿಪಿ ಎಂಬ ಉಚಿತ ತಾಣ ಇದಕ್ಕೆ ಒಳ್ಳೆಯ ಆರಂಭ. ನಿಮ್ಮ ಕೌಶಲ, ಆಸಕ್ತಿ, ನಿಮಗೆ ಯಾವುದು ಮುಖ್ಯ ಅನ್ನುವುದನ್ನು ಕೇಳಿ, ಯಾವ ದಾರಿ ಎಷ್ಟು ಹೊಂದುತ್ತದೆ ಅಂತ ತೋರಿಸುತ್ತದೆ. ಒಂದು ಶುಕ್ರವಾರ ಸಾಕು. ಅಲ್ಲಿ ಬಂದ ಪಟ್ಟಿಯಿಂದ ಮೂರು ದಾರಿ ಆರಿಸಿಕೊಂಡು, ಮುಂದಿನ ಶುಕ್ರವಾರಗಳನ್ನೆಲ್ಲ ಮನುಷ್ಯರಿಗೆ ಮೀಸಲಿಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಭಾಗ.

ನಿಮ್ಮ ಲ್ಯಾಬ್‌ನಿಂದ ಹಿಂದೆ ಹೊರಗೆ ಹೋದವರಿಂದ ಶುರು ಮಾಡಿ. ಪತ್ರ ಚಿಕ್ಕದಾಗಿರಲಿ. ನಾನು ಕಳಿಸುತ್ತಿದ್ದದ್ದು ಹೆಚ್ಚುಕಡಿಮೆ ಹೀಗಿತ್ತು:

"ನಮಸ್ಕಾರ. ನಾನು ಪ್ರೋಟೀನ್ ಫೋಲ್ಡಿಂಗ್ ಮೇಲೆ ಕೆಲಸ ಮಾಡುವ ಪೋಸ್ಟ್‌ಡಾಕ್. ನೀವು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡಿ, ಆಮೇಲೆ ಜರ್ನಲ್ ಸಂಪಾದಕರಾದದ್ದು ತಿಳಿಯಿತು. ನಿಮ್ಮ ಕೆಲಸದ ಒಂದು ವಾರ ಹೇಗಿರುತ್ತದೆ ಅಂತ ತಿಳಿದುಕೊಳ್ಳುವ ಆಸೆ. ಮುಂದಿನ ಎರಡು ವಾರದಲ್ಲಿ 20 ನಿಮಿಷ ಮಾತಾಡಲು ಸಾಧ್ಯವೇ? ಈ ಸಲ ಕೆಲಸ ಕೇಳಲು ಬರೆಯುತ್ತಿಲ್ಲ."

ಹತ್ತು ಪತ್ರಕ್ಕೆ ಆರು ಉತ್ತರ ಬಂದವು. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಂದೇ ಸಲ ಬರೆಯಿರಿ.

ಮಾತಿಗೆ ಕೂತಾಗ "ಕೆಲಸ ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುವ ಉತ್ತರ ಸಿಗುತ್ತದೆ ಅಷ್ಟೇ. "ಹೋದ ಮಂಗಳವಾರ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡಿದಿರಿ?" ಅಂತ ಕೇಳಿ. ನಾನು ಸಂಪಾದಕರಾಗಬೇಕು ಅಂತ ಗಟ್ಟಿಯಾಗಿ ಅಂದುಕೊಂಡಿದ್ದೆ. ಆ ಸಂಪಾದಕರು ತಮ್ಮ ಮಂಗಳವಾರ ವಿವರಿಸಿದರು. ನಾಲ್ಕು ಹಸ್ತಪ್ರತಿ ಓದಿದ್ದರು, ಮೂರಕ್ಕೆ ಇಲ್ಲ ಅಂತ ಬರೆದಿದ್ದರು. ಬರೆದವರಲ್ಲಿ ಯಾರನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ಅದನ್ನು ಅವರು ಖುಷಿಯಿಂದಲೇ ಹೇಳಿದರು. ನನಗೆ ಮಾತ್ರ ಆ ಹಸ್ತಪ್ರತಿ ಬರೆದವರ ಪಕ್ಕ ಕೂತು ತಿದ್ದಬೇಕು ಅನ್ನಿಸಿತು. ಮುಂದಿನ ವಾರ ಒಂದು ಗ್ರಾಂಟ್ ಕಚೇರಿಯಲ್ಲಿರುವವರ ಜೊತೆ ಮಾತಾಡಿದಾಗ, ಅವರ ದಿನವೆಲ್ಲ ಅದೇ ಆಗಿತ್ತು. ನಾನು ಇವತ್ತು ಕೂತಿರುವ ಕುರ್ಚಿ ನನಗೆ ಕಂಡದ್ದು ಹಾಗೆ.

ಮಾತು ಮುಗಿಸುವ ಮೊದಲು ಇನ್ನೊಂದು ಪ್ರಶ್ನೆ: "ನಾನು ಇನ್ಯಾರ ಜೊತೆ ಮಾತಾಡಿದರೆ ಒಳ್ಳೆಯದು?" ಅದೇ ದಿನ ಧನ್ಯವಾದ ಬರೆಯಿರಿ. ಆರು ತಿಂಗಳ ಮೇಲೆ ನಿಮ್ಮ ವಿಷಯ ಏನಾಯಿತು ಅಂತ ಎರಡು ಸಾಲು ತಿಳಿಸಿ. ಇದನ್ನು ಬಹಳ ಜನ ಮರೆಯುತ್ತಾರೆ.

ಮಾಡಿದ್ದನ್ನು ಹೇಳಲು ಕಲಿಯಿರಿ

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ರೆಸ್ಯೂಮೆ ತಂದಿದ್ದರು. ಕೌಶಲ ಅನ್ನುವ ಕಡೆ "ಪ್ರೋಟೀನ್ ಶುದ್ಧೀಕರಣ, ವೆಸ್ಟರ್ನ್ ಬ್ಲಾಟ್, ಪಿಸಿಆರ್, ಪೈಥಾನ್" ಅಂತಿತ್ತು. ಶುದ್ಧೀಕರಣದಲ್ಲಿ ಏನು ಮಾಡಿದಿರಿ ಅಂತ ಕೇಳಿದೆ. "ಏನಿಲ್ಲ, ಎಲ್ಲರ ಹಾಗೇ" ಅಂದರು. ಬಿಡದೆ ಕೇಳಿದೆ. ನಿಧಾನಕ್ಕೆ ಕಥೆ ಹೊರಗೆ ಬಂತು. ಅವರ ಪ್ರೋಟೀನ್ ಶುದ್ಧೀಕರಣದ ಕೊಳವೆಗೆ (ಕಾಲಮ್) ಹಾಕುವ ಮೊದಲೇ ಗಂಟುಕಟ್ಟಿ ಹಾಳಾಗುತ್ತಿತ್ತು. ಲ್ಯಾಬ್‌ನಲ್ಲಿ ಎಲ್ಲರೂ ಇದು ಇರೋದೇ ಹೀಗೆ ಅಂತ ಸುಮ್ನೆ ಇದ್ದರು. ಇವರು ಪ್ರೋಟೀನ್ ಇಡುವ ದ್ರಾವಣದಲ್ಲಿ (ಬಫರ್) ಉಪ್ಪಿನ ಪ್ರಮಾಣ ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋಗಿ ಕಾರಣ ಹಿಡಿದಿದ್ದರು. ನಾವು ಕೂತು ಆ ಸಾಲನ್ನು ಹೀಗೆ ಬರೆದೆವು: "ಶುದ್ಧೀಕರಣದಲ್ಲಿ ಪ್ರೋಟೀನ್ ಹಾಳಾಗಲು ಕಾರಣ ಪತ್ತೆಹಚ್ಚಿ ಬಫರ್ ಬದಲಿಸಿದೆ. ಐದು ದಿನದ ಕೆಲಸ ಎರಡು ದಿನಕ್ಕೆ ಇಳಿಯಿತು. ವಿಧಾನ ಬರೆದಿಟ್ಟು ಮೂವರಿಗೆ ಕಲಿಸಿದೆ." ಓದಿ ನೋಡಿ ಅವರು, "ಇದು ನಾನೇನಾ?" ಅಂದರು. ಅವರೇ ಅಲ್ವಾ!

ಇಂಥವು ಎರಡು ವರ್ಷ ಬಿಟ್ಟರೆ ನೆನಪಿರುವುದಿಲ್ಲ. ಅದಕ್ಕೇ ಪ್ರತಿ ಶುಕ್ರವಾರ ಕೊನೆಯ ಹತ್ತು ನಿಮಿಷ, ಆ ವಾರ ಬಿಡಿಸಿದ ತೊಡಕು, ಕಲಿಸಿದ ಪಾಠ, ಕೊಟ್ಟ ಭಾಷಣ ಎಲ್ಲ ಒಂದು ಫೈಲಿನಲ್ಲಿ ಬರೆದಿಡಿ. ವಿಶ್ವವಿದ್ಯಾಲಯಕ್ಕೆ ಕೊಡುವ ಸಿವಿ ಎಷ್ಟು ಪುಟವಾದರೂ ಆಗಬಹುದು, ಕಂಪನಿಗೆ ಕೊಡುವ ರೆಸ್ಯೂಮೆ ಒಂದೆರಡು ಪುಟ ದಾಟಬಾರದು. ಎರಡಕ್ಕೂ ಈ ಫೈಲೇ ಮೂಲ. ಈಗ ಕಥನದ ರೂಪದ ಸಿವಿ ಕೇಳುವವರೂ ಇದ್ದಾರೆ. ರಾಯಲ್ ಸೊಸೈಟಿ 2019ರಲ್ಲಿ ತಂದ ನಮೂನೆಯಲ್ಲಿ ಜ್ಞಾನಕ್ಕೆ, ಬೇರೆ ವ್ಯಕ್ತಿಗಳ ಬೆಳವಣಿಗೆಗೆ, ಸಂಶೋಧನಾ ಬಳಗಕ್ಕೆ, ಸಮಾಜಕ್ಕೆ ನೀವು ಏನು ಕೊಟ್ಟಿರಿ ಅಂತ ನಾಲ್ಕು ಭಾಗ ಇವೆ. ಮೂವರಿಗೆ ಕಲಿಸಿದ ಆ ಸಾಲಿಗೆ ಅಲ್ಲಿ ಸರಿಯಾದ ಜಾಗ ಇದೆ.

ಹೆಸರು ಬರಲಿ

ಪಿಎಚ್‌ಡಿ ಕಾಲದಲ್ಲಿ ಜರ್ನಲ್‌ಗಳಿಂದ ತಮಗೆ ವಿಮರ್ಶೆಗೆ ಬಂದ ಪೇಪರ್‌ಗಳನ್ನು ಗೈಡ್ ನನ್ನ ಕೈಗೆ ಕೊಡುತ್ತಿದ್ದರು. ರಾತ್ರಿ ಕೂತು ವಿಮರ್ಶೆ ಬರೆದುಕೊಡುತ್ತಿದ್ದೆ. ಅದು ನನ್ನ ಹೆಸರಿಲ್ಲದೆ ಹೋಗುತ್ತಿತ್ತು. ಹಾಗೆ ಆರು ಬರೆದೆ. ಒಂದನ್ನೂ ಎಲ್ಲಿಯೂ ತೋರಿಸಲು ಆಗಲಿಲ್ಲ. ಅದು ಈಗಲೂ ನೋಯುತ್ತದೆ. ಈಗ ಹಲವು ಜರ್ನಲ್‌ಗಳ ವಿಮರ್ಶೆ ಫಾರಂನಲ್ಲಿ ಸಹವಿಮರ್ಶಕರ ಹೆಸರು ಹಾಕಲು ಜಾಗ ಇದೆ. ಬರೆಯುವ ಮೊದಲೇ ಕೇಳಿ: "ಖಂಡಿತ ಬರೆಯುತ್ತೇನೆ. ಸಹವಿಮರ್ಶಕರ ಕಡೆ ನನ್ನ ಹೆಸರು ಹಾಕುತ್ತೀರಾ?" ಬರೆದು ಕೊಟ್ಟ ಮೇಲೆ ಕೇಳುವುದು ಕಷ್ಟ. ಸಂಶೋಧಕರನ್ನು ಗುರುತಿಸಲು 2012ರಿಂದ ಇರುವ ಆರ್ಕಿಡ್ (ORCID) ತಾಣದ 16 ಅಂಕಿಯ ಸಂಖ್ಯೆ ಉಚಿತ. ಪೇಪರ್ ಜೊತೆ ವಿಮರ್ಶೆಯ ದಾಖಲೆಯೂ ಅಲ್ಲಿ ಸೇರಬಹುದು. ಬರೆಯುವ ಆಸೆ ಇದ್ದವರು ಪ್ರಿಲೈಟ್ಸ್ ನೋಡಿ. ಯುವ ವಿಜ್ಞಾನಿಗಳು ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಹೊರಬಿಟ್ಟ ಪೇಪರ್) ಆರಿಸಿ, ಅದರ ಬಗ್ಗೆ ತಮ್ಮ ಹೆಸರಿನಲ್ಲೇ ಬರೆಯುವ ಜಾಗ ಅದು. ಜೀವವಿಜ್ಞಾನ ಜರ್ನಲ್‌ಗಳನ್ನು ಪ್ರಕಟಿಸುವ ಕಂಪನಿ ಆಫ್ ಬಯಾಲಜಿಸ್ಟ್ಸ್ ಸಂಸ್ಥೆ ಅದನ್ನು 2018ರಲ್ಲಿ ಶುರು ಮಾಡಿತು.

ಅದೇ ಸಂಸ್ಥೆ ಬೇರೆ ಲ್ಯಾಬ್‌ಗೆ ಹೋಗಿ ಕೆಲಸ ಮಾಡಿ ಬರಲು ಪ್ರವಾಸ ಫೆಲೋಶಿಪ್ ಕೊಡುತ್ತದೆ. ಯುರೋಪಿನ ಜೀವವಿಜ್ಞಾನ ಸಂಸ್ಥೆ ಎಂಬೋ (EMBO) ಕೊಡುವ ವಿನಿಮಯ ಅನುದಾನದಲ್ಲಿ ಮೂರು ತಿಂಗಳವರೆಗೆ ಹೋಗಿ ಬರಬಹುದು. ನೀವು ಕಲಿತ ವಿಧಾನ ಲ್ಯಾಬ್‌ಗೆ ಬರುತ್ತದೆ, ಹಾಗಾಗಿ ಗೈಡ್ ಒಪ್ಪುವುದೂ ಸುಲಭ.

ಗೈಡ್ ಏನೇ ಮಾಡಿದರೂ ಒಪ್ಪದಿದ್ದರೆ? ಅಂಥವರೂ ಇದ್ದಾರೆ, ಅದು ನಿಮ್ಮ ತಪ್ಪಲ್ಲ. ಥೀಸಿಸ್ ಸಮಿತಿಯಲ್ಲೋ ಪಕ್ಕದ ವಿಭಾಗದಲ್ಲೋ ಇನ್ನೊಬ್ಬರನ್ನು ಹುಡುಕಿ, ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೇಳಿ. ಅರ್ಜಿಗೆ ಸಾಮಾನ್ಯವಾಗಿ ಎರಡು ಮೂರು ಶಿಫಾರಸು ಪತ್ರ ಬೇಕು. ಗೈಡ್ ಒಬ್ಬರನ್ನೇ ನಂಬಿದರೆ ಆಗುವುದಿಲ್ಲ. ನಿಮ್ಮ ಕೆಲಸ ಕಣ್ಣಾರೆ ಕಂಡ ಇನ್ನಿಬ್ಬರು ಇರಲೇಬೇಕು. ಅವರಿಗೆ ಗಡುವಿಗೆ ನಾಲ್ಕು ವಾರ ಮೊದಲೇ ಹೇಳಿ. ಜೊತೆಗೆ ಅರ್ಜಿಯ ಕರಡು, ಸಿವಿ, ಅವರು ನಿಮ್ಮಲ್ಲಿ ಕಂಡಿರುವ ಎರಡು ಸಂಗತಿಗಳ ನೆನಪು, ಎಲ್ಲ ಒಂದೇ ಪತ್ರದಲ್ಲಿ ಕಳಿಸಿ. ಒಂದು ವಾರ ಉಳಿದಾಗ ಮತ್ತೆ ಎರಡು ಸಾಲು ಬರೆದು ನೆನಪಿಸಿ.